ಮುಳ್ಳು ಮತ್ತು ಕೆಂಪು ದೀಪ

ಪುಣೆಯಿಂದ ಲೋಣಾವಳದತ್ತ ಹೊರಡುವ ಲೋಕಲ್ ರೈಲಿನಲ್ಲಿ ಖಡಕಿ, ದಾಪೋಡಿ, ಕಾಸಾರವಾಡಿ, ಪಿಂಪ್ರಿ, ಚಿಂಚವಡಗಳನ್ನು ದಾಟಿದರೆ ಆಕುರ್ಡಿ ಬರುತ್ತದೆ. ಅಲ್ಲಿ ಇಳಿದವರಿಗೆ ನಿಗಡಿ ದೂರವಲ್ಲ. ಸರ್ಕಾರಿ ನೌಕರಿಯ ವರ್ಗಾವಣೆ ನನ್ನನ್ನು ತೀರ್ಥಹಳ್ಳಿಯ ಕಡೆಯಿಂದ ಇಲ್ಲಿಗೆ ತಂದು ಹಾಕಿ ಹನ್ನೊಂದು ವರ್ಷಗಳಾದವು. ಸುತ್ತಮುತ್ತ ಎಲ್ಲವೂ ಎಂಜಿನ್ನಿನ ಲೋಕ. 1966ರಲ್ಲಿ ಟೆಲ್ಕೋ ಪಿಂಪ್ರಿಗೆ ಬಂತು. ಆಕುರ್ಡಿಯಲ್ಲಿ ಬಜಾಜ್ ನೆಲೆಯೂರಿತು. 1972ರಲ್ಲಿ ಸ್ಥಾಪನೆಯಾದ ನವನಗರ ಪ್ರಾಧಿಕಾರವು ಕಾರ್ಮಿಕರಿಗಾಗಿ ನಿವೇಶನಗಳನ್ನು ಹಂಚಿತು. ಇಂಗ್ಲಿಷ್ ಸಾಹಿತ್ಯ ಓದಿ ಕಡತಗಳ ನಡುವೆ ಬದುಕುವ ನನಗೆ ಈ ಲೋಕದೊಡನೆ ಬಹುಕಾಲ ಯಾವ ಸಂಬಂಧವೂ ಇರಲಿಲ್ಲ. ಕಳೆದ ಬೇಸಿಗೆಯ ಒಂದು ಸಂಜೆ ಆ ಸಂಬಂಧವನ್ನು ಬಲವಂತವಾಗಿ ಕಟ್ಟಿತು.

ಡೊಂಬಿವಲಿಯಲ್ಲಿ ಬಂಧುಗಳ ಮದುವೆ ಮುಗಿಸಿಕೊಂಡು ಹಿಂದಿರುಗುತ್ತಿದ್ದೆವು. ಖೋಪೋಲಿ ದಾಟಿ ಖಂಡಾಲಾ ಘಾಟಿಯ ಏರು ಹತ್ತುವಾಗ ಎಂಜಿನ್ನಿನೊಳಗಿಂದ ಬಾಗಿಲು ಬಡಿದಂತಹ ಸದ್ದು ಕೇಳಿಸಿತು. ಎದುರಿನ ಫಲಕ ನೋಡಿದೆ. ನೀರಿನ ತಾಪದ ಮುಳ್ಳು ನಡುವಿನಲ್ಲಿತ್ತು, ಕೆಂಪು ದೀಪ ಯಾವುದೂ ಉರಿಯುತ್ತಿರಲಿಲ್ಲ. ಆದುದರಿಂದ ಮುಂದೆ ಓಡಿಸಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡು ನಿಂತಿತು, ಮತ್ತೆ ತಿರುಗಲಿಲ್ಲ. ಕತ್ತಲಲ್ಲಿ, ಲಾರಿಗಳು ಮೈಗೆ ತಾಗುವಂತೆ ಹಾದುಹೋಗುವ ಆ ಅಂಚಿನಲ್ಲಿ ಹೆಂಡತಿ ಮಕ್ಕಳನ್ನು ತಡೆಗೋಡೆಯ ಆಚೆ ನಿಲ್ಲಿಸಿ ಎಳೆಯುವ ವಾಹನಕ್ಕಾಗಿ ಮೂರು ಗಂಟೆ ಕಾದೆ.

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದ ಬಳಿ ಗ್ಯಾರೇಜು ಇಟ್ಟಿರುವ ಮಿಸ್ತ್ರಿ ವಿಜಯಪುರ ಜಿಲ್ಲೆಯವರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಎಂಜಿನ್ ಬಿಚ್ಚಿ ಅವರು ತೋರಿಸಿದರು. ಯಾವುದೋ ಕಲ್ಲು ಬಡಿದು ಆಯಿಲ್ ಚೇಂಬರಿನ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ತೈಲವೆಲ್ಲ ದಾರಿಯುದ್ದಕ್ಕೂ ಹನಿಹನಿಯಾಗಿ ಸೋರಿಹೋಗಿತ್ತು. ಬೇರಿಂಗುಗಳು ಕರಗಿ ಕ್ರ್ಯಾಂಕ್ ದಂಡಕ್ಕೆ ಮೆತ್ತಿಕೊಂಡಿದ್ದವು.

"ದೀಪ ಹತ್ತಲೇ ಇಲ್ಲವಲ್ಲ ಕಾಕಾ" ಎಂದೆ.

"ದೀಪ ಹತ್ತಲಿಲ್ಲಂದ್ರ ಎಲ್ಲಾ ಬರೋಬ್ಬರಿ ಅದ ಅಂತ ತಿಳ್ಕೊಂಡ್ರಿ ನೀವು. ದೀಪನ ಸತ್ತಿದ್ರ ಏನ್ ಮಾಡ್ತೀರಿ ಸಾಹೇಬ್ರ?"

ಫಲಕ ಕಳಚಿ ಅವರು ಆ ಪುಟ್ಟ ಬಲ್ಬನ್ನು ಕೈಗಿಟ್ಟರು. ಅದರ ತಂತಿ ತುಂಡಾಗಿ ಎಷ್ಟು ಕಾಲವಾಗಿತ್ತೋ! ಆಗ ಅಪ್ಪನ ನೆನಪಾಯಿತು. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದವರು. ಈ ಕಾರು ಅವರು ನಿವೃತ್ತಿಯ ಹಣದಲ್ಲಿ ಕೊಂಡದ್ದು. ಅವರು ಕೀಲಿಯನ್ನು ಅರ್ಧ ತಿರುಗಿಸಿ, ಫಲಕವನ್ನು ಒಂದು ಕ್ಷಣ ದಿಟ್ಟಿಸಿ, ಅನಂತರವೇ ಎಂಜಿನ್ ಚಾಲೂ ಮಾಡುತ್ತಿದ್ದರು. ದೇವರಿಗೆ ಕೈ ಮುಗಿಯುವಂತಹ ಒಂದು ರೂಢಿ ಇದು ಎಂದು ಭಾವಿಸಿದ್ದೆ. ಎಂಜಿನ್ ತಿರುಗುವ ಮೊದಲು ತೈಲದ ಒತ್ತಡ ಇರುವುದಿಲ್ಲ, ಆದ್ದರಿಂದ ಆ ಕ್ಷಣದಲ್ಲಿ ಕೆಂಪು ದೀಪ ಉರಿಯಲೇಬೇಕು. ಉರಿಯದಿದ್ದರೆ ದೀಪವೇ ಕೆಟ್ಟಿದೆ. ಅವರು ಪ್ರತಿದಿನ ಬೆಳಿಗ್ಗೆ ಆ ದೀಪವನ್ನು ಪರೀಕ್ಷಿಸುತ್ತಿದ್ದರು. ನಾನು ಒಂದು ದಿನವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಂಜಿನ್ ಮತ್ತೆ ಕಟ್ಟಿಸುವಾಗ ತೈಲದ ಒತ್ತಡಕ್ಕೊಂದು, ತೈಲದ ತಾಪಕ್ಕೊಂದು ಮಾಪಕ ಕೂರಿಸಿಕೊಡುವಂತೆ ಕೇಳಿಕೊಂಡೆ. ಆ ಕೆಲಸ ನಡೆದ ಮೂರು ವಾರಗಳಲ್ಲಿ ನನ್ನನ್ನು ಹಿಡಿದ ಪ್ರಶ್ನೆ ಇದು. ಅಪ್ಪನ ಜೀಪಿನಲ್ಲಿ ಇದ್ದ ಮುಳ್ಳು ಅಪ್ಪನ ಕಾರಿನಲ್ಲಿ ಏಕೆ ಇರಲಿಲ್ಲ? ಅದನ್ನು ಯಾರು, ಯಾವಾಗ ತೆಗೆದರು?

ಚರಿತ್ರೆ ಕಾರಿಗಿಂತ ಬಹಳ ಹಿಂದೆ, ಹಬೆಯ ಯಂತ್ರಗಳ ಕಾಲದಲ್ಲಿ ಮೊದಲಾಗುತ್ತದೆ. ಬಾಯ್ಲರಿನ ಒತ್ತಡವನ್ನು ಅಳೆಯಲು ಆಗ ಇದ್ದ ನೆಚ್ಚಿನ ಸಾಧನವೆಂದರೆ ಪಾದರಸದ ಕೊಳವೆ. ಚದರ ಅಂಗುಲಕ್ಕೆ 100 ಪೌಂಡಿನ ಒತ್ತಡ ಅಳೆಯಬೇಕಾದರೆ ಪಾದರಸದ ಕಂಬ ಸುಮಾರು 17 ಅಡಿ ಎತ್ತರವಿರಬೇಕು. ಓಡುವ ರೈಲು ಎಂಜಿನ್ನಿನ ಮೇಲೆ ಅಂತಹ ಗಾಜಿನ ಕೊಳವೆಯನ್ನು ನಿಲ್ಲಿಸುವುದು ಹೇಗೆ? ಪ್ಯಾರಿಸಿನ ಯಂತ್ರಶಿಲ್ಪಿ ಯೂಜೀನ್ ಬೂರ್ದೋನ್ ಇದಕ್ಕೆ ಉತ್ತರವನ್ನು ಒಂದು ಅಚಾತುರ್ಯದಲ್ಲಿ ಕಂಡುಕೊಂಡ. ಸುರುಳಿ ಸುತ್ತಿದ ಕೊಳವೆಯೊಂದು ಕೆಲಸದ ನಡುವೆ ಚಪ್ಪಟೆಯಾಯಿತು. ಅದನ್ನು ಮತ್ತೆ ದುಂಡಗಾಗಿಸಲು ಒಂದು ತುದಿಯನ್ನು ಮುಚ್ಚಿ ಒಳಗೆ ನೀರನ್ನು ಒತ್ತಿದಾಗ ಕೊಳವೆ ದುಂಡಗಾಗುತ್ತಾ ತನ್ನ ಸುರುಳಿಯನ್ನು ತಾನೇ ಬಿಚ್ಚತೊಡಗಿತು. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಬಿಚ್ಚಿಕೊಂಡಿತು, ಇಳಿದಾಗ ಹಿಂದಕ್ಕೆ ಸುತ್ತಿಕೊಂಡಿತು. ಆ ತುದಿಗೆ ಒಂದು ಹಲ್ಲುಚಕ್ರವನ್ನೂ ಮುಳ್ಳನ್ನೂ ಜೋಡಿಸಿದರೆ ಮಾಪಕ ಸಿದ್ಧ. 1849ರಲ್ಲಿ ಆತ ಪೇಟೆಂಟ್ ಪಡೆದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದಕ್ಕೆ ಪದಕವೂ ಬಂತು. ಇಂದು ಗ್ಯಾಸ್ ಸಿಲಿಂಡರಿನ ಮೇಲೆ, ಪಂಕ್ಚರ್ ಅಂಗಡಿಯ ಗಾಳಿಯಂತ್ರದ ಮೇಲೆ, ಆಸ್ಪತ್ರೆಯ ಆಮ್ಲಜನಕದ ಬುರುಡೆಯ ಮೇಲೆ ನಾವು ಕಾಣುವ ದುಂಡು ಮಾಪಕಗಳಲ್ಲಿ ಬಹುಪಾಲಿನ ಒಳಗೆ ಬೂರ್ದೋನನ ಆ ಬಾಗಿದ ಕೊಳವೆಯೇ ಇದೆ.

ನನ್ನ ಕಾರು ನಿಂತ ಘಾಟಿಯನ್ನೇ ಹಬೆಯ ರೈಲು ಹತ್ತಿದ್ದು 1863ರಲ್ಲಿ. ಭೋರ್ ಘಾಟಿಯ ಆ ಹಳಿಗೆ 37 ಅಡಿಗೆ ಒಂದು ಅಡಿಯ ಏರು. ಅದನ್ನು ಕಡಿದು ಕಟ್ಟುವಲ್ಲಿ ಕಾಲರಾದಿಂದಲೂ ಅಪಘಾತಗಳಿಂದಲೂ ಸಾವಿರಾರು ಕೂಲಿಗಳು ಪ್ರಾಣ ತೆತ್ತರು. ಅವರ ಹೆಸರುಗಳು ಉಳಿದಿಲ್ಲ. ಅಂತಹ ಏರಿನಲ್ಲಿ ಬಾಯ್ಲರಿನ ಒತ್ತಡ ಕುಸಿದರೆ ಗಾಡಿ ನಿಲ್ಲುತ್ತದೆ, ಮಿತಿ ಮೀರಿದರೆ ಬಾಯ್ಲರ್ ಸಿಡಿಯುತ್ತದೆ. ಎಂಜಿನ್ ಚಾಲಕನ ಕಣ್ಣು ಹಳಿಯ ಮೇಲೆ ಎಷ್ಟಿತ್ತೋ ಆ ಮುಳ್ಳಿನ ಮೇಲೂ ಅಷ್ಟೇ ಇರಬೇಕಾಗಿತ್ತು.

ಈ ಮಾಪಕ ತೈಲವನ್ನು ಸಂಧಿಸಿದ ಪ್ರಸಂಗ ಇನ್ನೂ ಸ್ವಾರಸ್ಯದ್ದು. 1880ರ ದಶಕದಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ಎಂಬ ಎಂಜಿನಿಯರ್ ರೈಲ್ವೆ ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದ. ತೈಲ ಹಾಕಲೆಂದು ಬೇರಿಂಗಿನ ಮೇಲೆ ರಂಧ್ರ ಕೊರೆಸಿದ. ಯಂತ್ರ ತಿರುಗಿದಾಗ ತೈಲ ಒಳಗೆ ಹೋಗುವ ಬದಲು ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆ ತುರುಕಿದರೆ ಅದೂ ಹಾರಿತು, ಮರದ ಬೆಣೆಯೂ ನಿಲ್ಲಲಿಲ್ಲ. ಕೊನೆಗೆ ಅಲ್ಲಿ ಒತ್ತಡ ಮಾಪಕವನ್ನೇ ತಿರುಗಿಸಿ ಕೂರಿಸಿದಾಗ ಮುಳ್ಳು 200 ಪೌಂಡಿನ ಗುರುತನ್ನೂ ಮೀರಿತು. ಬೇರಿಂಗಿನ ಮೇಲೆ ಹೊರಿಸಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ. ತಿರುಗುವ ದಂಡ ಲೋಹದ ಮೇಲೆ ಕುಳಿತಿರುವುದಿಲ್ಲ, ತಾನೇ ಎಳೆದುಕೊಂಡ ತೈಲದ ತೆಳುಪೊರೆಯ ಮೇಲೆ ತೇಲುತ್ತಿರುತ್ತದೆ ಎಂಬ ಸತ್ಯ ಹೀಗೆ ಬೆಳಕಿಗೆ ಬಂತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ಆಧಾರ ಕೊಟ್ಟ. 1890ರಲ್ಲಿ ಬರ್ಮಿಂಗ್‌ಹ್ಯಾಮಿನ ಬೆಲಿಸ್ ಮತ್ತು ಮಾರ್ಕಮ್ ಕಾರ್ಖಾನೆಯ ಆಲ್ಬರ್ಟ್ ಪೇನ್, ಪಂಪಿನ ಬಲದಿಂದ ಬೇರಿಂಗುಗಳಿಗೆ ತೈಲ ಉಣಿಸುವ ಏರ್ಪಾಡಿಗೆ ಪೇಟೆಂಟ್ ಪಡೆದ. ಆ ಪೊರೆ ಹರಿದರೆ ಲೋಹ ಲೋಹವನ್ನು ತಿನ್ನುತ್ತದೆ. ಘಾಟಿಯಲ್ಲಿ ನಾನು ಕೇಳಿದ ಸದ್ದು ಅದೇ.

ಆದರೆ ಮೊದಲ ಕಾರುಗಳಲ್ಲಿ ಪಂಪು ಎಲ್ಲೆಡೆ ಇರಲಿಲ್ಲ. ಕೆಲವು ಗಾಡಿಗಳಲ್ಲಿ ಚಾಲಕನ ಎದುರಿಗೆ ಗಾಜಿನ ಪುಟ್ಟ ಬಟ್ಟಲುಗಳಿದ್ದವು. ತೈಲ ಹನಿಹನಿಯಾಗಿ ಬೀಳುವುದನ್ನು ಆತ ಕಣ್ಣಾರೆ ಕಂಡು ಹೆಚ್ಚು ಕಡಿಮೆ ಮಾಡುತ್ತಿದ್ದ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಗೆ ತೈಲದ ಮಾಪಕವೇ ಇಲ್ಲ. ಎಂಜಿನ್ನಿನ ಅಡಿಯಲ್ಲಿ ಮೇಲೊಂದು ಕೆಳಗೊಂದು ಎರಡು ನಲ್ಲಿ. ಮಾಲಿಕ ನೆಲಕ್ಕೆ ಬಾಗಿ ಮೇಲಿನದನ್ನು ತಿರುಗಿಸಿ ನೋಡಬೇಕು. ಅದರಲ್ಲಿ ಬಾರದೆ ಕೆಳಗಿನದರಲ್ಲಿ ಬಂದರೆ ತೈಲ ಇಳಿಯುತ್ತಿದೆಯೆಂದು ಅರ್ಥ, ಎರಡರಲ್ಲೂ ಬಾರದಿದ್ದರೆ ಗಾಡಿ ಓಡಿಸಕೂಡದು. ಗಾಡಿ ಓಡಿಸುವುದೂ ಗಾಡಿಯನ್ನು ಅರಿಯುವುದೂ ಅಂದು ಒಂದೇ ವಿದ್ಯೆಯಾಗಿತ್ತು.

ತಾಪದ ಮಾಪಕದ ಕಥೆ ಬೇರೆ. 1912ರ ಸುಮಾರಿಗೆ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಪಕರಣ ಮಾರುಕಟ್ಟೆಗೆ ಬಂತು. ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲುವ ಉಷ್ಣಮಾಪಕ ಅದು. ಚಾಲಕ ಗಾಜಿನಾಚೆ ಬಾನೆಟ್ಟಿನ ತುದಿಯಲ್ಲಿ ಅದರ ಕೆಂಪು ರೇಖೆ ಏರುವುದನ್ನು ನೋಡುತ್ತಿದ್ದ. ಕಾರು ಕೊಂಡವರು ತಾವೇ ಬೇರೆಯಾಗಿ ಕೊಂಡು ಕೂರಿಸಿಕೊಂಡ ಮಾಪಕಗಳಲ್ಲಿ ಇದು ಮೊದಲ ಸಾಲಿನದು. ಇಂದು ನಿಗಡಿಯ ಗ್ಯಾರೇಜಿನಲ್ಲಿ ನಾನು ಮಾಡಿಸಿದ್ದು ಹೊಸ ಹುಚ್ಚೇನಲ್ಲ, ಶತಮಾನ ದಾಟಿದ ರೂಢಿ. ಕರಾವಳಿಯಿಂದ ಆಗುಂಬೆ ಹತ್ತುವ ಬಸ್ಸುಗಳಲ್ಲಿ ಬಾಲ್ಯ ಕಳೆದವರಿಗೆ ಕುದಿಯುವ ರೇಡಿಯೇಟರಿನ ಪರಿಚಯ ಬೇಡ. ಕ್ಲೀನರು ನೀರಿನ ಡಬ್ಬಿ ಹಿಡಿದು ಇಳಿಯುವುದು, ಒದ್ದೆ ಗೋಣಿ ಹಾಕಿ ಮುಚ್ಚಳ ತಿರುಗಿಸುವುದು, ಬುಸ್ಸೆಂದು ಹಬೆ ಏಳುವುದು, ಆ ನೆಪದಲ್ಲಿ ನಾವು ಮಕ್ಕಳೆಲ್ಲ ಕೆಳಗಿಳಿದು ಮಂಗಗಳನ್ನು ನೋಡುವುದು! ಆ ಚಾಲಕರು ಮುಳ್ಳನ್ನು ನಂಬಿದ್ದಕ್ಕಿಂತ ಮೂಗನ್ನೂ ಕಿವಿಯನ್ನೂ ಹೆಚ್ಚು ನಂಬಿದ್ದರು.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನ ಫಲಕದಲ್ಲಿ ಐದು ದುಂಡು ಮಾಪಕಗಳು: ವೇಗ, ಇಂಧನ, ತೈಲದ ಒತ್ತಡ, ನೀರಿನ ತಾಪ, ವಿದ್ಯುತ್ತು. ಯುದ್ಧಭೂಮಿಯಲ್ಲಿ ಹತ್ತೊಂಬತ್ತರ ಹುಡುಗನಿಗೂ ಇವಿಷ್ಟು ತಿಳಿದಿರಬೇಕೆಂದು ಸೇನೆ ಭಾವಿಸಿತ್ತು. ಯುದ್ಧಾನಂತರ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿದ ಜೀಪುಗಳು ನಮ್ಮ ಅರಣ್ಯ, ಕಂದಾಯ, ಲೋಕೋಪಯೋಗಿ ಇಲಾಖೆಗಳನ್ನೆಲ್ಲ ತುಂಬಿದವು. ಅಪ್ಪನ ಗಾಡಿಯಲ್ಲಿ ಸ್ಟಿಯರಿಂಗಿನ ಪಕ್ಕದಲ್ಲಿದ್ದ ಒಂದು ಪುಟ್ಟ ಮುಳ್ಳನ್ನು ತೋರಿಸಿ "ಇದು ಸೊನ್ನೆಗೆ ಬಂದರೆ ಗುಡ್ಡದ ಮೇಲಿದ್ದರೂ ಗಾಡಿ ಬಂದ್" ಎಂದಿದ್ದರು. ನನಗಾಗ ಏಳು ವರ್ಷ.

ಮುಳ್ಳಿನ ಬದಲು ದೀಪ ಬಂದದ್ದು ಹೇಗೆ? 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ತನ್ನ ಕಾರುಗಳಲ್ಲಿ ತೈಲದ ಮಾಪಕ ತೆಗೆದು ಕೆಂಪು ದೀಪ ಇಟ್ಟಿತು. ಯುದ್ಧದ ನಂತರ ಉಳಿದವರೂ ಅದೇ ಹಾದಿ ಹಿಡಿದರು. ಒಂದು ಸ್ವಿಚ್ಚು, ಒಂದು ತಂತಿ, ಒಂದು ಬಲ್ಬು: ಮಾಪಕಕ್ಕಿಂತ ಖರ್ಚು ಕಡಿಮೆ. ಇನ್ನೊಂದು ಕಾರಣವೂ ಇತ್ತು. ಮುಳ್ಳು ಸದಾ ಅಲುಗಾಡುತ್ತದೆ. ಎಂಜಿನ್ ತಣ್ಣಗಿದ್ದಾಗ ಮೇಲೆ, ಬಿಸಿಯಾದಾಗ ಕೆಳಗೆ. ಅದನ್ನು ಓದಲು ಬಾರದ ಮಾಲಿಕ ಗಾಬರಿಗೊಂಡು ಮಾರಾಟಗಾರನ ಬಳಿಗೆ ಓಡುತ್ತಾನೆ. ದೀಪಕ್ಕಾದರೋ ಎರಡೇ ಮಾತು, ಹೌದು ಮತ್ತು ಅಲ್ಲ. ಇಂಗ್ಲಿಷಿನವರು ಈ ದೀಪವನ್ನು ಹಾಸ್ಯದಿಂದ ಈಡಿಯಟ್ ಲೈಟ್ ಎಂದು ಕರೆದರು. ಹೆಸರು ಕಟುವಾಗಿದೆ, ನ್ಯಾಯವಾಗಿಲ್ಲ. ಕೋಟ್ಯಂತರ ಜನರು ಮಿಸ್ತ್ರಿಯ ವಿದ್ಯೆಯಿಲ್ಲದೆಯೇ ಕಾರು ಓಡಿಸಲು ಸಾಧ್ಯವಾದುದರಲ್ಲಿ ಆ ದೀಪಕ್ಕೂ ಪಾಲಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಫಲಕದಲ್ಲಿ ಇಂಧನಕ್ಕೂ ತಾಪಕ್ಕೂ ಮುಳ್ಳು, ತೈಲಕ್ಕೆ ಮಾತ್ರ ದೀಪ. ನಮ್ಮ ಮಧ್ಯಮ ವರ್ಗ ಚಾಲಕನನ್ನು ಇಟ್ಟುಕೊಳ್ಳದೆ ತಾನೇ ಕಾರು ಓಡಿಸಲು ಕಲಿತದ್ದು ಆ ಕಾಲದಲ್ಲೇ.

ದೀಪದ ನಿಜವಾದ ದೋಷ ಅದರ ಮೌನದಲ್ಲಿದೆ. ಸಾಮಾನ್ಯವಾಗಿ ಒತ್ತಡ 5 ಪೌಂಡಿನ ಆಸುಪಾಸಿಗೆ ಇಳಿದಾಗ ಅದು ಉರಿಯುತ್ತದೆ. ಏರಿನಲ್ಲಿ ದುಡಿಯುವ ಎಂಜಿನ್ನಿಗೆ 40 ಪೌಂಡು ಬೇಕಾಗಿದ್ದು 15 ಸಿಕ್ಕುತ್ತಿದ್ದರೂ ದೀಪಕ್ಕೆ ಅದು ಆರೋಗ್ಯವೇ. ಇನ್ನು ದೀಪವೇ ಸತ್ತರೆ ಆರೋಗ್ಯಕ್ಕೂ ಮರಣಕ್ಕೂ ಒಂದೇ ಮುಖ. ಮುಳ್ಳು ಹಾಗಲ್ಲ, ಮಾಪಕ ಕೆಟ್ಟರೆ ಅದು ಸೊನ್ನೆಗೆ ಬಿದ್ದೋ ಅಲುಗಾಡದೆ ನಿಂತೋ ತನ್ನ ಕೇಡನ್ನು ತಾನೇ ಸಾರುತ್ತದೆ. ನೀರಿನ ತಾಪದ ಮುಳ್ಳಿಗೂ ಒಂದು ಕುರುಡಿದೆ. ನೀರೆಲ್ಲ ಸೋರಿಹೋದರೆ ಸಂವೇದಕ ಬರಿಗಾಳಿಯಲ್ಲಿ ನಿಂತು, ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ಇಳಿಯಬಹುದು. ಈಚಿನ ಅನೇಕ ಕಾರುಗಳಲ್ಲಿ ಗಣಕವು ತಾಪದ ಮುಳ್ಳನ್ನು ಒಂದು ವಿಶಾಲ ವ್ಯಾಪ್ತಿಯುದ್ದಕ್ಕೂ ನಡುವಿನಲ್ಲೇ ಹಿಡಿದಿಡುತ್ತದೆ, ನೋಡುವವನು ಗಾಬರಿಯಾಗದಿರಲೆಂದು. ಅದು ನೋಡಲು ಮುಳ್ಳು, ನಡತೆಯಲ್ಲಿ ದೀಪ.

ಪುಣೆಯ ಎಂಜಿನ್ನುಗಳ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು; ಅನಂತರ ಕಬ್ಬಿಣದ ನೇಗಿಲು ಮಾಡಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಆಸರೆಯಿತ್ತರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ತಯಾರಿಸತೊಡಗಿತು. 1946ರಲ್ಲಿ ಮಗ ಶಂತನುರಾಯರು ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಸ್ಥಾಪಿಸಿದರು. ನಮ್ಮ ರೈತರ ಬಾವಿಗಳ ಮೇಲೆ ಡಬಡಬ ಸದ್ದು ಮಾಡಿದ ಎಷ್ಟೋ ಎಂಜಿನ್ನುಗಳು ನಾನು ದಿನವೂ ರೈಲಿನಲ್ಲಿ ದಾಟುವ ಆ ನಿಲ್ದಾಣದ ಊರಿನಿಂದ ಬಂದವು. ಮಾಪಕಗಳೂ ಮೊದಲು ಪರದೇಶದ್ದೇ. 1970ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಪ್ರಿಕಾಲ್ ಕಂಪನಿ ಆರಂಭವಾದ ಮೇಲೆ ನಮ್ಮ ವಾಹನಗಳ ಫಲಕಗಳಲ್ಲಿ ಇಲ್ಲಿಯವೇ ಹೆಚ್ಚಾದವು.

ಇನ್ನು ನನ್ನ ಕಾರಿನ ಕೆಲಸ. ಒತ್ತಡಕ್ಕೆ ಬೂರ್ದೋನನ ಕೊಳವೆಯ ಮಾಪಕವೇ ಬೇಕೆಂದು ನಾನು ಹಠ ಹಿಡಿದೆ. ಅದಕ್ಕೆ ಎಂಜಿನ್ನಿನಿಂದ ಫಲಕದವರೆಗೆ ತೈಲವನ್ನೇ ತರಬೇಕು. "ಕಾಯ್ದ ಎಣ್ಣಿ ಸಾಹೇಬ್ರ, ಪೈಪ್ ಒಡದ್ರ ಕಾಲ ಮ್ಯಾಲ ಬೀಳ್ತದ" ಎಂದು ಕಾಕಾ ಗದರಿದರು. ಕೊನೆಗೆ ತಾಮ್ರದ ಸಣ್ಣ ಕೊಳವೆಗೆ ಒಪ್ಪಿದರು. ನಡುಕ ಹೀರಲೆಂದು ಎಂಜಿನ್ನಿನ ಬಳಿ ಅದಕ್ಕೆ ಎರಡು ಸುತ್ತು ಸುರುಳಿ ಹಾಕಿ, ತಗಡಿನ ಗೋಡೆ ದಾಟುವಲ್ಲಿ ರಬ್ಬರಿನ ಬಳೆ ತೊಡಿಸಿದರು. ದೀಪದ ಸ್ವಿಚ್ಚನ್ನು ಅವರು ತೆಗೆಯಗೊಡಲಿಲ್ಲ. ಅದರ ಜಾಗದಲ್ಲಿ ಟೀ ಆಕಾರದ ಜೋಡಣೆ ಕೂರಿಸಿ ಒಂದು ಕವಲಿಗೆ ಸ್ವಿಚ್ಚು, ಇನ್ನೊಂದಕ್ಕೆ ಮಾಪಕ ಕೊಟ್ಟರು. ನಾನು ತಂದಿದ್ದ ಟೀ ಮೂರು ಸುತ್ತಿಗೇ ಬಿಗಿಯಿತು. ಕಾಕಾ ಕೈ ತಡೆದರು. ಎಂಟನೆಯ ಒಂದು ಅಂಗುಲದ ಬ್ರಿಟಿಷ್ ಮರೆಗೆ ಅಂಗುಲಕ್ಕೆ 28 ಸುತ್ತು, ಅದೇ ಅಳತೆಯ ಅಮೆರಿಕನ್ ಮರೆಗೆ 27. ಕಣ್ಣಿಗೆ ಎರಡೂ ಒಂದೇ; ಬಲವಾಗಿ ತಿರುಗಿಸಿದರೆ ಎಂಜಿನ್ನಿನ ಮರೆ ಹಾಳಾಗಿ ತೈಲ ಸೋರುತ್ತದೆ. ಮುಳ್ಳು ಕೂರಿಸಲು ಹೋಗಿ ಅದೇ ದುರಂತವನ್ನು ಮತ್ತೆ ಕರೆಯುವವನಿದ್ದೆ.

ತಾಪದ ಸಂವೇದಕ ವಿದ್ಯುತ್ತಿನದು; ತೈಲ ಬಸಿಯುವ ಬಿರಡೆಯ ಜಾಗದಲ್ಲಿ ಕುಳಿತಿತು. ಇಂತಹ ಸಂವೇದಕಕ್ಕೆ ಒಂದೇ ತಂತಿ, ಎರಡನೆಯ ತಂತಿಯ ಕೆಲಸವನ್ನು ಎಂಜಿನ್ನಿನ ಮೈಯೇ ಮಾಡುತ್ತದೆ. ಸೋರದಿರಲೆಂದು ಮರೆಗೆ ದಪ್ಪನಾಗಿ ಟೇಪು ಸುತ್ತಿದರೆ ಆ ಸಂಪರ್ಕ ಕಡಿದು ಮುಳ್ಳು ಸುಳ್ಳು ಹೇಳುತ್ತದೆ. ಸಂವೇದಕ ಒಬ್ಬರದು, ಮಾಪಕ ಇನ್ನೊಬ್ಬರದು ಆದರೂ ಸುಳ್ಳೇ; ಇಬ್ಬರ ವಿದ್ಯುತ್ ರೋಧದ ಲೆಕ್ಕ ಹೊಂದಬೇಕು.

ಮಳೆ ಬರುವ ಮುನ್ನ ಒಂದು ಭಾನುವಾರ ಖೋಪೋಲಿಗೆ ಇಳಿದು ಅದೇ ಏರನ್ನು ಮತ್ತೆ ಹತ್ತಿದೆವು. ಬೆಳಿಗ್ಗೆ ಚಾಲೂ ಮಾಡಿದಾಗ ಒತ್ತಡ 60 ಪೌಂಡು. ನೀರಿನ ಮುಳ್ಳು ಹತ್ತು ನಿಮಿಷದಲ್ಲಿ ನಡುವಿಗೆ ಬಂತು, ತೈಲ ಆಗಿನ್ನೂ 60 ಡಿಗ್ರಿಯಲ್ಲಿತ್ತು. ಎಂಜಿನ್ ಬಿಸಿಯಾಗಿದೆ ಎಂದು ನಾನು ಇಷ್ಟು ವರ್ಷ ತಿಳಿದದ್ದು ಅರ್ಧ ಸತ್ಯ. ಘಾಟಿಯಲ್ಲಿ ತೈಲದ ತಾಪ 100 ದಾಟಿ 115ಕ್ಕೆ ಏರಿದಂತೆ ಒತ್ತಡ 50ರಿಂದ ಮೆಲ್ಲಗೆ 40ಕ್ಕೆ ಇಳಿಯಿತು. ಕಾದ ತೈಲ ತೆಳುವಾಗುತ್ತದೆ. ತಾಪ ಏರದೆ ಒತ್ತಡ ಮಾತ್ರ ಕುಸಿದರೆ ಅದು ಅಪಾಯದ ಸೂಚನೆ ಎಂದು ಕಾಕಾ ಹೇಳಿಕೊಟ್ಟಿದ್ದರು. ಎರಡು ಮುಳ್ಳುಗಳನ್ನೂ ಒಟ್ಟಿಗೆ ಓದಬೇಕು. ಕಾರು ನಿಂತಿದ್ದ ತಿರುವು ಬಂದಾಗ ಹಿಂದಿನ ಸೀಟಿನಿಂದ ಮಗಳು "ಈಗ ಎಷ್ಟು ಪೌಂಡು ಅಪ್ಪ?" ಎಂದು ಕೇಳಿದಳು. ನಲವತ್ತೆರಡು ಎಂದೆ.

ಈ ಮಾಪಕಗಳಿಗೂ ಎಂಜಿನ್ ಕಟ್ಟಿಸುವುದಕ್ಕೂ ಸೇರಿ ಎರಡು ತಿಂಗಳ ಸಂಬಳ ಹೋಯಿತು. ಅಪ್ಪನ ರೂಢಿಯೊಂದನ್ನು ಕೇಳಿ ತಿಳಿದಿದ್ದರೆ ಒಂದು ಬಲ್ಬಿನ ಬೆಲೆಯಲ್ಲಿ ಮುಗಿಯುತ್ತಿತ್ತು. ಆ ಬಲ್ಬನ್ನು ಕಾಕಾ ಎಲ್ಲಕ್ಕಿಂತ ಮೊದಲೇ ಬದಲಾಯಿಸಿದ್ದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಈಗ ಪ್ರತಿದಿನ ಬೆಳಿಗ್ಗೆ ಕೀಲಿ ಅರ್ಧ ತಿರುಗಿಸಿ ನಿಲ್ಲುತ್ತೇನೆ. ಕೆಂಪು ದೀಪ ಹತ್ತುತ್ತದೆ. ಪಕ್ಕದಲ್ಲಿ ಕುಳಿತ ಮಗಳಿಗೆ ಅದು ಏಕೆಂದು ಹೇಳಿದ್ದೇನೆ. ಅವಳು ಕೇಳುವವರೆಗೆ ಕಾಯಲಿಲ್ಲ.